ಬಾಗಿಲಲ್ಲಿ ನಿಂತ ಕಂಡಕ್ಟರ್

ಬೈಲೂರಿನ ನಮ್ಮ ನೆರೆಮನೆಯ ಅಜ್ಜ ಹಿಂದೆ ಉಡುಪಿ-ಕಾರ್ಕಳ ಬಸ್ಸಿನ ಕಂಡಕ್ಟರಾಗಿದ್ದರು. ಅವರು ಮರೆತ ಶಬ್ದಗಳನ್ನು ನಾನು ಡೈರಿಯಲ್ಲಿ ಬರೆದಿಡುತ್ತಿದ್ದೆ: ಮೊದಲು ಚಮಚ, ಆಮೇಲೆ ಕೊಡೆ, ಕೊನೆಗೆ ಮಗಳ ಹೆಸರು.

ಒಂದು ಬುಧವಾರ ನಾನು ಅವರನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ವಾಚು ತೋರಿಸಿ, "ಇದು ಎಂತ ಅಜ್ಜ?" ಎಂದರು.

ಅಜ್ಜ ಹಣೆ ಉಜ್ಜಿಕೊಂಡರು. "ಗೊತ್ತುಂಟು ಮಾರಾಯ, ಬಾಯಿಗೆ ಬರುವುದಿಲ್ಲ."

ಹಿಂದಿರುಗುವಾಗ ಬಸ್ಸು ಮಣಿಪಾಲ ದಾಟಿದ್ದೇ ಅಜ್ಜ ಎದ್ದು ಬಾಗಿಲಲ್ಲಿ ನಿಂತರು. "ಪರ್ಕಳ, ಪರ್ಕಳ! ಆತ್ರಾಡಿ, ಹಿರಿಯಡ್ಕ!" ಒಂದು ಊರೂ ತಪ್ಪಲಿಲ್ಲ.

"ಇವತ್ತು ನನಗೆ ರಜೆ" ಎಂದು ಬಸ್ಸಿನ ಕಂಡಕ್ಟರ್ ನಕ್ಕ.

"ಬೈಲೂರು! ಇಳಿಯುವವರು ಬೇಗ ಇಳಿಯಿರಿ!" ಅಜ್ಜ ಕೂಗಿದರು.

ನಾನು ಇಳಿದೆ. ಅಜ್ಜ ಇಳಿಯಲಿಲ್ಲ. ಸ್ಟಾಪಿನಲ್ಲಿ ಕಾಯುತ್ತಿದ್ದ ಮಗಳು, "ಅಪ್ಪಾ, ನನ್ನ ಗುರುತು ಸಿಕ್ಕಿತಾ?" ಎಂದು ಕೈ ಚಾಚಿದಳು.

ಅವರು ಆ ಕೈ ಹಿಡಿದು ಅವಳನ್ನು ಬಸ್ಸಿಗೆ ಹತ್ತಿಸಿಕೊಂಡರು. "ಬನ್ನಿ ಅಕ್ಕ, ಎದುರು ಸೀಟ್ ಉಂಟು."