ಹದಿನಾರು ಸಲವೂ ಅರವತ್ತು

ನನ್ನ ಕೋಪಕ್ಕೂ ಒಂದು ಟೈಮ್‌ಟೇಬಲ್ ಇದೆ ಅನ್ನುವುದು ನಮ್ಮ ಯಜಮಾನರ ಸಂಶೋಧನೆ. ಬೆಳಗ್ಗೆ ಕಾಫಿ ಕುಡಿಯುವಾಗ ತಣ್ಣಗಿರುತ್ತೀನಂತೆ, ಕಾಲೇಜಿಗೆ ಹೊರಟು ಬಸವೇಶ್ವರನಗರ ದಾಟುವಷ್ಟರಲ್ಲಿ ಬೆಚ್ಚಗಾಗುತ್ತೀನಂತೆ, ಹನ್ನೊಂದು ಗಂಟೆಗೆ ಸರಿಯಾಗಿ ಕುದಿ ಬರುತ್ತಂತೆ. ನೀನು ಮೂವತ್ತು ವರ್ಷ ಹೃದಯದ ಲಯ ಓದಿದೆ, ನಾನು ನಿನ್ನ ಸಿಟ್ಟಿನ ಲಯ ಓದಿದೆ ಕಣೇ, ಇಬ್ಬರಿಗೂ ಡಾಕ್ಟರೇಟ್ ಕೊಡಬೇಕು ಅಂತಾರೆ. ನಗುವ ಮಾತೇ. ಆದರೆ ನನ್ನ ಹನ್ನೊಂದು ಗಂಟೆಯ ಕ್ಲಾಸಿನಲ್ಲಿ ಒಂದು ಸಲ ಆದದ್ದು ನೆನಪಾದರೆ ನನಗೆ ಈಗಲೂ ಮುಖ ಬಿಸಿಯಾಗುತ್ತದೆ.

ನಾನು ಪಾಠ ಮಾಡುವುದು ಪ್ರಾಣಿಶಾಸ್ತ್ರ, ಅದರಲ್ಲೂ ದೇಹದೊಳಗಿನ ಕೆಲಸಗಳ ಬಗ್ಗೆ. ಪಿಎಚ್‌ಡಿ ಮಾಡಿದ್ದು ಓತಿಕ್ಯಾತದ ಹೃದಯದ ಮೇಲೆ. ಕಾಂಪೌಂಡಿನ ಮೇಲೆ ಕೂತು ತಲೆ ಕುಣಿಸುತ್ತಿರುತ್ತದಲ್ಲ, ಅದೇ. ಅದನ್ನು ಹಗಲೂ ರಾತ್ರಿ ಕತ್ತಲೆಯಲ್ಲೇ ಇಟ್ಟರೂ ಹೊರಗೆ ಬೆಳಗಾಗುವ ಹೊತ್ತಿಗೆ ಎದೆಬಡಿತ ತಾನಾಗಿ ಏರುತ್ತಿತ್ತು. ಸೂರ್ಯನನ್ನು ಕಾಣದೆ ಬೆಳಗಾಯಿತು ಅಂತ ತಿಳಿಯುವ ಆ ಪುಟ್ಟ ಹೃದಯ ನೋಡಿ ನಾನು ಮರುಳಾದೆ. ಆಮೇಲೆ ಮನುಷ್ಯರ ನಾಡಿ ಲೆಕ್ಕಕ್ಕೆ ಬಂದೆ. ನಮ್ಮದೂ ಹಾಗೆಯೇ. ಬೆಳಗಿನ ಜಾವ ತೀರಾ ನಿಧಾನ, ಎದ್ದ ಮೇಲೆ ಏರಿಕೆ, ರಾತ್ರಿ ಮತ್ತೆ ಇಳಿಕೆ. ಬದುಕಿರುವ ಹೃದಯ ದಿನವಿಡೀ ಒಂದೇ ಸಮ ಬಡಿಯುವುದಿಲ್ಲ ಅಂತ ಪ್ರತಿ ವರ್ಷ ಮೊದಲ ಕ್ಲಾಸಿನಲ್ಲೇ ಹೇಳುತ್ತೇನೆ.

ಅದನ್ನು ಮಕ್ಕಳು ಕೈಯಾರೆ ಕಾಣಲಿ ಅಂತ ಒಂದು ಹೋಮ್‌ವರ್ಕ್ ಕೊಡುತ್ತೇನೆ. ಮನೆಯಲ್ಲಿ ಯಾರಾದರೂ ಒಬ್ಬರನ್ನು ಆರಿಸಿಕೊಳ್ಳಬೇಕು. ಎರಡು ದಿನ, ಮೂರು ಗಂಟೆಗೊಮ್ಮೆ, ಪೂರ್ತಿ ಒಂದು ನಿಮಿಷ ಅವರ ನಾಡಿ ಎಣಿಸಬೇಕು. ದಿನಕ್ಕೆ ಎಂಟರಂತೆ ಒಟ್ಟು ಹದಿನಾರು ಸಲ. ರಾತ್ರಿ ಅಲಾರಂ ಇಟ್ಟುಕೊಂಡು ಏಳಬೇಕು. ಬೇಕಾದವರಿಗೆ ಬೆರಳಿಗೆ ಸಿಕ್ಕಿಸುವ ಮೀಟರನ್ನು ಲ್ಯಾಬಿನಿಂದ ಕೊಟ್ಟು ಕಳಿಸುತ್ತೇನೆ. ಯಾರು ಎಣಿಸಿದ್ದಾರೆ, ಯಾರು ಬಸ್ಸಿನಲ್ಲಿ ಕೂತು ತುಂಬಿದ್ದಾರೆ ಅಂತ ಕಂಡುಹಿಡಿಯುವುದರಲ್ಲಿ ನಾನು ಪಳಗಿದವಳು. ಕದ್ದು ಬರೆಯುವವರಿಗೆ ಎಪ್ಪತ್ತೆರಡರ ಮೇಲೆ ಪ್ರೀತಿ, ಪುಸ್ತಕದಲ್ಲಿ ಅದೇ ಇರುತ್ತದಲ್ಲ. ಹದಿನೈದೇ ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದವರ ಸಂಖ್ಯೆಗಳೆಲ್ಲ ನಾಲ್ಕರ ಮಗ್ಗಿಯಲ್ಲೇ ಇರುತ್ತವೆ. ನನ್ನ ಗೈಡ್ ಹೇಳುತ್ತಿದ್ದರು, ಅಂಕಿ ತೀರಾ ಅಚ್ಚುಕಟ್ಟಾಗಿ ಕಂಡರೆ ಮೊದಲು ಅನುಮಾನ ಪಡು ಅಂತ. ಆ ಮಾತನ್ನು ನಾನು ಗಂಟು ಹಾಕಿ ಇಟ್ಟುಕೊಂಡಿದ್ದೆ. ಎಲ್ಲಿ ಬಿಚ್ಚಬೇಕು ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಆ ವರ್ಷ ಇಲ್ಲೇ ಕೆಂಗೇರಿ ಹತ್ತಿರದ ಉಲ್ಲಾಳದಿಂದ ಬರುವ ಒಬ್ಬ ಹುಡುಗಿ ಇದ್ದಳು. ಮನೆಯವರದು ಹಿಟ್ಟಿನ ಗಿರಣಿ. ಮಾತು ಕಮ್ಮಿ, ಕೈಬರಹ ಮುತ್ತು. ಕ್ಲಾಸಿನಲ್ಲಿ ಎಲ್ಲರ ಮುಂದೆ ಒಬ್ಬೊಬ್ಬರ ಹಾಳೆ ನೋಡುತ್ತಾ ಅವಳದನ್ನು ತೆಗೆದೆ. ಅಮ್ಮನ ನಾಡಿ ಅಂತ ಮೇಲೆ ಬರೆದಿದ್ದಳು. ಕೆಳಗೆ ಹದಿನಾರು ಮನೆ, ಹದಿನಾರರಲ್ಲೂ ಅರವತ್ತು. ಮಧ್ಯಾಹ್ನ ಮೂರಕ್ಕೆ ಅರವತ್ತು, ಬೆಳಗಿನ ಜಾವ ಮೂರಕ್ಕೂ ಅರವತ್ತು.

ನನ್ನ ತಲೆ ಕೆಟ್ಟುಹೋಯಿತು. ಕದಿಯುವವರು ಅಷ್ಟೋ ಇಷ್ಟೋ ತಲೆ ಓಡಿಸಿ ಕದಿಯುತ್ತಾರೆ, ಇದೇನು ಅಸಡ್ಡೆ ಅಂತ ಉರಿದುಹೋಯಿತು. ಎಬ್ಬಿಸಿ ನಿಲ್ಲಿಸಿ ಕೇಳಿದೆ. ಎಣಿಸಿದ್ದೀನಿ ಮೇಡಂ ಅಂದಳು. ಬೆರಳಿಟ್ಟೂ ಎಣಿಸಿದೆ, ಮೀಟರಲ್ಲೂ ನೋಡಿದೆ ಅಂದಳು. ಹೃದಯ ಬಿಟ್ಟು ಗಡಿಯಾರ ಎಣಿಸಿದ್ದೀಯಾ ಅಂದೆ, ಕ್ಲಾಸೆಲ್ಲ ನಕ್ಕಿತು. ನಗು ಸಿಕ್ಕಿತು ಅಂತ ಇನ್ನೊಂದೆರಡು ಅಂದೆ. ಕೊನೆಗೆ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ "ಸುಳ್ಳು" ಅಂತ ಬರೆದು ಕೈಗೆ ಕೊಟ್ಟೆ. ಅವಳು ಅಳಲಿಲ್ಲ. ಒಂದು ಸಲ ಪಕ್ಕದ ಬೆಂಚಿನ ಕಡೆ ನೋಡಿ, ಹಾಳೆ ಮಡಿಸಿ ಬ್ಯಾಗಿಗೆ ಹಾಕಿಕೊಂಡು ಕೂತಳು.

ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಿದ್ದಳು. ನಾನು ತಲೆ ಎತ್ತಲಿಲ್ಲ. ಇನ್ನೊಂದು ಸಲ ಮಾಡಿಕೊಂಡು ಬಾ ಅಂತ ಪುಸ್ತಕ ನೋಡಿಕೊಂಡೇ ಹೇಳಿ ಕಳಿಸಿದೆ.

ಮುಂದಿನ ವಾರ ತಂದಳು. ಹೊಸ ಹಾಳೆ, ಹದಿನಾರು ಅರವತ್ತು. ಅಬ್ಬಾ, ಹುಡುಗಿಯ ಧೈರ್ಯವೇ ಅನ್ನಿಸಿತು. ಹೀಗಾದರೆ ಇಂಟರ್ನಲ್ಸ್‌ನಲ್ಲಿ ಸೊನ್ನೆ ಹಾಕುತ್ತೀನಿ, ಪ್ರಾಜೆಕ್ಟಿಗೂ ಸೇರಿಸಿಕೊಳ್ಳಲ್ಲ ಅಂದೆ. ಓತಿಕ್ಯಾತದ ಪ್ರಾಜೆಕ್ಟಿಗೆ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವಳು ಅವಳೇ. ಆಗಲೂ ಬಾಯಿ ಬಿಡಲಿಲ್ಲ. ನನ್ನ ಸಿಟ್ಟು ನೆತ್ತಿಗೇರಿ, ಎಲ್ಲರಿಗೂ ಕೇಳುವ ಹಾಗೆ ಅಂದೆ:

"ಆ ಅರವತ್ತರ ಅಮ್ಮನ್ನ ನಾಳೆ ಕರ್ಕೊಂಡು ಬಾ. ನಾನೇ ನಾಡಿ ಹಿಡಿದು ನೋಡ್ತೀನಿ."

ಬಂದರು. ನಲವತ್ತೈದರ ಆಸುಪಾಸಿನ ಹೆಂಗಸು, ಕಾಟನ್ ಸೀರೆ, ಸೆರಗು ಎರಡೂ ಭುಜಕ್ಕೆ ಹೊದ್ದಿದ್ದರು. ನಮ್ಮದು ಎರಡನೇ ಮಹಡಿ. ಲಿಫ್ಟಿನ ಮೇಲೆ ಸ್ಟಾಫಿಗೆ ಮಾತ್ರ ಅಂತ ಬರೆದಿದೆ, ಹಾಗಾಗಿ ಮೆಟ್ಟಿಲು ಹತ್ತಿಕೊಂಡೇ ಬಂದಿದ್ದರು. ಉಸಿರು ಹತ್ತಿ ಮಾತು ಹೊರಡುತ್ತಿರಲಿಲ್ಲ, ಹಣೆಯ ಮೇಲೆ ಬೆವರು. ಲ್ಯಾಬಿನಲ್ಲಿ ನಾವು ಮೂವರೇ. ಕುರ್ಚಿ ಕೊಟ್ಟು, ಮಣಿಕಟ್ಟಿನ ಮೇಲೆ ಬೆರಳಿಟ್ಟು ಗೋಡೆ ಗಡಿಯಾರ ನೋಡಿದೆ. ಎರಡು ಮಹಡಿ ಹತ್ತಿ ಏದುಸಿರು ಬಿಡುವವರ ನಾಡಿ ನೂರು ದಾಟಿರಬೇಕು, ಈಗ ಸಿಕ್ಕಿಬೀಳುತ್ತಾರೆ ಅಂತ ಒಳಗೊಳಗೇ ಕಾಯುತ್ತಿದ್ದೆ. ಸೆಕೆಂಡಿನ ಮುಳ್ಳಿನ ಜೊತೆಗೇ ಒಂದೊಂದು ಬಡಿತ ಬರುತ್ತಿತ್ತು. ಒಂದು ನಿಮಿಷ ಆಯಿತು.

ಅರವತ್ತು.

ಬೆರಳು ತೆಗೆಯುವುದಕ್ಕೆ ನನಗೆ ಕೈ ಬರಲಿಲ್ಲ. ಅವರು ಸೆರಗನ್ನು ಸ್ವಲ್ಪ ಸರಿಸಿ ಎಡಗಡೆ ಕತ್ತಿನ ಎಲುಬಿನ ಕೆಳಗೆ ತೋರಿಸಿದರು. ಚರ್ಮದಡಿ ಬೆಂಕಿಪೊಟ್ಟಣದಷ್ಟು ಉಬ್ಬು, ಮೇಲೊಂದು ಹಳೇ ಗಾಯದ ಗೆರೆ. ಪೇಸ್‌ಮೇಕರ್. ಪ್ರತಿ ವರ್ಷ ನಾನೇ ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತೇನೆ: ಹೃದಯದ ಮೇಲಿನ ಕೋಣೆಯ ತಾಳ ಕೆಳಗಿನ ಕೋಣೆಗೆ ತಲುಪದೆ ಹೋದಾಗ ಒಳಗೊಂದು ಯಂತ್ರ ಕೂರಿಸುತ್ತಾರೆ, ಸಾದಾ ಯಂತ್ರವಾದರೆ ಮಲಗಿದರೂ ಮೆಟ್ಟಿಲು ಹತ್ತಿದರೂ ಕಟ್ಟಿಕೊಟ್ಟ ವೇಗದಲ್ಲೇ ಬಡಿಸುತ್ತದೆ ಅಂತ. ಅದೇ ಪಾಠ ಎದುರಿಗೆ ಹಾಳೆಯಾಗಿ ಬಂದಾಗ ಕುರುಡಿಯಾದೆ. ಇಷ್ಟು ಓದಿ ಮಣ್ಣು ಹೊತ್ತೆ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಆ ಹೃದಯ ಇಟ್ಟುಕೊಂಡವರನ್ನು ಎರಡು ಮಹಡಿ ಹತ್ತಿಸಿದೆನಲ್ಲ ಅಂತ ನಾಚಿಕೆಯಾಯಿತು.

ಮೂರು ವರ್ಷದ ಹಿಂದೆ ಗಿರಣಿಯಲ್ಲಿ ರಾಗಿ ಸುರಿಯುತ್ತಾ ತಲೆ ತಿರುಗಿ ಬಿದ್ದಿದ್ದರಂತೆ. ಆಗ ಹಾಕಿದ್ದು. ಆಮೇಲೆ ಎದೆಯ ಯಂತ್ರಕ್ಕೆ ತೊಂದರೆಯಾದೀತು ಅಂತ ಗಿರಣಿಯ ಮೋಟರಿನ ಹತ್ತಿರ ಹೋಗುತ್ತಿಲ್ಲ, ಬೀದಿಯವರಿಗೆ ಮೊಣಕಾಲು ನೋವು ಅಂತ ಹೇಳಿದ್ದಾರೆ. ಯಾಕೆ ಮುಚ್ಚಿಟ್ಟಿರಿ ಅಂತ ಕೇಳಿದೆ. ದೊಡ್ಡ ಮಗಳಿಗೆ ಕೆಂಗೇರಿ ಕಡೆಯಿಂದ ಸಂಬಂಧ ಬಂದಿದೆ, ತಾಯಿಗೆ ಹೃದಯದ ಕಾಯಿಲೆ ಅಂದರೆ ಮಗಳಿಗೂ ಇರುತ್ತದೆ ಅಂತ ಕೈಬಿಡುತ್ತಾರೆ ಅಂದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ ಮೇಡಂ, ನಮ್ಮದು ಇದೊಂದೇ ಅಂತ ನಗುವುದಕ್ಕೆ ನೋಡಿದರು. ಅವರ ಬೀದಿಯದೇ ಒಬ್ಬ ಹುಡುಗಿ ನಮ್ಮ ಕ್ಲಾಸಿನಲ್ಲಿದ್ದಾಳೆ, ಪಕ್ಕದ ಬೆಂಚಿನಲ್ಲೇ. ಇವಳು ಬಾಯಿ ಬಿಟ್ಟಿದ್ದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಹಾಗಾದರೆ ಬೇರೆ ಯಾರದಾದರೂ ನಾಡಿ ಎಣಿಸಬಹುದಿತ್ತಲ್ಲ ಅಂತ ಹುಡುಗಿಯನ್ನು ಕೇಳಿದೆ. ಅವಳು ನೆಲ ನೋಡುತ್ತಾ ಹೇಳಿದಳು.

"ನಾನು ದಿನಾ ರಾತ್ರಿ ಎದ್ದು ಅಮ್ಮನ ಕೈ ಹಿಡಿದು ನೋಡ್ತೀನಿ ಮೇಡಂ. ಅರವತ್ತು ಬಂದ್ರೆ ಹೋಗಿ ಮಲಗ್ತೀನಿ. ನನಗೆ ಗೊತ್ತಿರೋ ನಾಡಿ ಅದೊಂದೇ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೆ ಅಂತ ನಮ್ಮಜ್ಜಿ ನನಗೇ ಹೇಳುತ್ತಿದ್ದ ಗಾದೆ. ತಪ್ಪಾಯಿತು ಅಂದೆ. ಅಮ್ಮ ಗಾಬರಿಯಾಗಿ, ನೀವು ಹಾಗೆಲ್ಲ ಅನ್ನಬಾರದು ಅಂದರು. ನನ್ನ ಮಗಳು ಸುಳ್ಳು ಹೇಳಲ್ಲ ಅಂತ ಎಲ್ಲರ ಮುಂದೆ ಒಂದು ಮಾತು ಹೇಳಿಬಿಡಿ ಸಾಕು, ಕಾರಣ ಮಾತ್ರ ಹೇಳಬೇಡಿ ಅಂತ ಕೈ ಮುಗಿದರು. ಒಪ್ಪಿಕೊಂಡೆ. ಹೋಗುವಾಗ ಲಿಫ್ಟಿನಲ್ಲಿ ನಾನೇ ಕೆಳಗೆ ಬಿಟ್ಟು ಬಂದೆ.

ಮಾರನೇ ದಿನ ಹನ್ನೊಂದು ಗಂಟೆಗೆ ಕ್ಲಾಸಿಗೆ ಹೋಗಿ, ಆ ಹಾಳೆ ಸರಿಯಾಗಿದೆ, ತಪ್ಪು ನನ್ನದು ಅಂತ ಹೇಳಿದೆ. ಅಷ್ಟಕ್ಕೇ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆದರೆ ಪ್ರಶ್ನೆ ಕೇಳಿ, ಕೇಳಿ ಅಂತ ಮಕ್ಕಳನ್ನು ಹಾಳು ಮಾಡಿದವಳೂ ನಾನೇ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದ. ಹದಿನಾರು ಸಲವೂ ಒಂದೇ ಹೇಗೆ ಮೇಡಂ, ಪೇಸ್‌ಮೇಕರ್ ಏನಾದರೂ ಇದೆಯಾ ಅಂದ. ನನಗೆ ಹೊಳೆಯದ್ದು ಅವನಿಗೆ ಹೊಳೆದಿತ್ತು. ಬೇರೆ ದಿನವಾಗಿದ್ದರೆ ಬೆನ್ನು ತಟ್ಟುತ್ತಿದ್ದೆ. ಉಲ್ಲಾಳದ ಆ ಇನ್ನೊಬ್ಬ ಹುಡುಗಿ ಬರೆಯುವುದು ಬಿಟ್ಟು ತಲೆ ಎತ್ತಿದಳು. ಇವಳ ಮುಖ ಬಿಳಿಚಿಕೊಂಡಿತು.

"ಪೇಸ್‌ಮೇಕರೂ ಇಲ್ಲ, ಏನೂ ಇಲ್ಲ. ನಾನು ಲ್ಯಾಬಿಂದ ಕೊಟ್ಟ ಮೀಟರ್ ಕೆಟ್ಟಿತ್ತು. ಅರವತ್ತರಲ್ಲೇ ನಿಂತುಬಿಟ್ಟಿದೆ. ನೋಡದೆ ಕೊಟ್ಟಿದ್ದು ನನ್ನ ಬೇಜವಾಬ್ದಾರಿ."

ಬಾಯಿಂದ ಹೊರಟ ಮೇಲೆ ನನಗೇ ಗೊತ್ತಾದದ್ದು. ಜೀವಮಾನವೆಲ್ಲ ಸುಳ್ಳು ಅಂಕಿ ಹುಡುಕಿ ಹುಡುಕಿ ಬೈದವಳು ನಿಂತ ನಿಲುವಿನಲ್ಲಿ ಸುಳ್ಳು ಹೇಳಿದ್ದೆ. ಬೆರಳಿಟ್ಟೂ ಎಣಿಸಿದೆ ಅಂದಿದ್ದಳಲ್ಲ ಅಂತ ಯಾರಾದರೂ ಕೇಳಿದ್ದರೆ ಮುಗಿದಿತ್ತು ನನ್ನ ಕಥೆ. ಪುಣ್ಯಕ್ಕೆ ಕೇಳಲಿಲ್ಲ. ಮೀಟರಿಗೆ "ಕೆಟ್ಟಿದೆ" ಅಂತ ಚೀಟಿ ಅಂಟಿಸಿ ಲ್ಯಾಬಿನ ಗಾಜಿನ ಕಪಾಟಿನಲ್ಲಿ ಇಟ್ಟೆ. ಅವಳ ಹಾಳೆಯ ಮೇಲಿನ ಕೆಂಪು ಅಕ್ಷರ ಹೊಡೆದುಹಾಕಿ ಸಹಿ ಮಾಡಿದೆ, ಪ್ರಾಜೆಕ್ಟಿಗೂ ಸೇರಿಸಿಕೊಂಡೆ. ಮೀಟರನ್ನೇ ಪರೀಕ್ಷಿಸದ ಮೇಡಂ ಅಂತ ಮಕ್ಕಳು ಬಹಳ ದಿನ ಬೆನ್ನ ಹಿಂದೆ ಆಡಿಕೊಂಡರು. ಪ್ರಾಕ್ಟಿಕಲ್ ಇದ್ದಾಗೆಲ್ಲ, ಇದೂ ಅರವತ್ತರಲ್ಲಿ ನಿಂತಿದೆಯಾ ನೋಡೋ ಮಗಾ ಅಂತ ಪಿಸುಗುಟ್ಟುವುದು ಕಿವಿಗೆ ಬೀಳುತ್ತಿತ್ತು. ಕಪಾಟಿನ ಮುಂದೆ ಹಾಯುವಾಗ ಆ ಚೀಟಿ ನೋಡಿ ನನಗೆ ಕಸಿವಿಸಿ. ಮನೆಯಲ್ಲಿ ಹೇಳಿಕೊಂಡೆ. ಯಜಮಾನರು ಒಂದು ಸಲವೂ ತಮಾಷೆ ಮಾಡಲಿಲ್ಲ, ಅದು ಇನ್ನೂ ಚುಚ್ಚಿತು.

ಆ ಸೆಮಿಸ್ಟರಿನ ಕೊನೆಯ ವಾರ. ಹನ್ನೊಂದರ ಕ್ಲಾಸು. ಹಾಜರಿ ಮುಗಿಸಿ ಬೋರ್ಡಿನ ಕಡೆ ತಿರುಗುವಷ್ಟರಲ್ಲಿ ಅವಳು ಎದ್ದು ನಿಂತಳು. ಒಂದು ಮಾತು ಹೇಳಬೇಕು ಮೇಡಂ ಅಂದಳು. ಹೇಳು ಅಂದೆ. ಅವಳು ನನ್ನ ಕಡೆ ನೋಡದೆ ಕ್ಲಾಸಿನ ಕಡೆ ತಿರುಗಿದಳು.

"ಮೀಟರ್ ಕೆಟ್ಟಿರಲಿಲ್ಲ. ನಮ್ಮಮ್ಮನಿಗೆ ಪೇಸ್‌ಮೇಕರ್ ಹಾಕಿದಾರೆ. ಮೇಡಂ ನನಗೋಸ್ಕರ ಸುಳ್ಳು ಹೇಳಿದ್ರು."

ಆಮೇಲೆ ಉಳಿದದ್ದನ್ನೂ ಹೇಳಿದಳು. ಹಿಂದಿನ ಭಾನುವಾರ ಅಮ್ಮ ತಾವೇ ಗಂಡಿನ ಮನೆಗೆ ಹೋಗಿ ಇರುವ ವಿಷಯ ಹೇಳಿಬಿಟ್ಟರಂತೆ. ಒಬ್ಬ ಮಗಳ ಮದುವೆಗೆ ಅಂತ ಇನ್ನೊಬ್ಬ ಮಗಳು ಸುಳ್ಳಿ ಅನ್ನಿಸಿಕೊಂಡಳು, ಅವಳನ್ನು ಕಾಪಾಡುವುದಕ್ಕೆ ಪಾಠ ಹೇಳುವವರೂ ಸುಳ್ಳಾಡಿದರು, ಇನ್ನೆಷ್ಟು ಜನರ ಬಾಯಿ ಕೆಡಿಸಲಿ ಅಂದರಂತೆ. ಹುಡುಗನ ತಾಯಿ, ನಮ್ಮ ಯಜಮಾನರ ಎದೆಯಲ್ಲಿ ಎರಡು ಸ್ಟೆಂಟ್ ಇದೆ, ನಾವೂ ಹೇಳಿರಲಿಲ್ಲ ಅಂತ ಒಳಗೆ ಹೋಗಿ ಕಾಫಿ ತಂದರಂತೆ. ಕ್ಲಾಸು ನಕ್ಕಿತು, ಅವಳೂ ನಕ್ಕಳು. ಉಲ್ಲಾಳದ ಆ ಇನ್ನೊಬ್ಬ ಹುಡುಗಿ ಪಕ್ಕದ ಬೆಂಚಿನಿಂದ ಎದ್ದು ಬಂದು ಇವಳ ಪಕ್ಕ ಕೂತಳು.

ನಾನು ಡಸ್ಟರ್ ಹಿಡಿದುಕೊಂಡೇ ನಿಂತಿದ್ದೆ. ನಾನು ಅವಳನ್ನು ಸುಳ್ಳಿ ಅಂದ ಅದೇ ಕೋಣೆಯಲ್ಲಿ, ಅದೇ ಮಕ್ಕಳ ಮುಂದೆ, ಅವಳು ನನ್ನನ್ನು ಸುಳ್ಳು ಹೇಳಿದವಳು ಅಂದಿದ್ದಳು. ಮೂವತ್ತು ವರ್ಷದಲ್ಲಿ ಯಾರೂ ನನಗೆ ಅಷ್ಟು ಮರ್ಯಾದೆ ಕೊಟ್ಟಿಲ್ಲ. ಕಣ್ಣು ತುಂಬಿ ಬಂತು, ಮುಚ್ಚಿಡುವುದಕ್ಕೂ ಹೋಗಲಿಲ್ಲ.

ಅವಳು ಲ್ಯಾಬಿಗೆ ಹೋಗಿ ಕಪಾಟಿನಿಂದ ಮೀಟರ್ ತೆಗೆದು, ಉಗುರಿನಲ್ಲಿ ಚೀಟಿ ಕಿತ್ತಳು. ತಂದು ನನ್ನ ಬೆರಳಿಗೇ ಸಿಕ್ಕಿಸಿದಳು. ನೂರಾ ಹದಿನೆಂಟು ಅಂತ ತೋರಿಸಿತು. ಸರಿಯಾಗಿಯೇ ಇದೆ ಅಂದೆ.