ಕೂಸಿಲ್ಲದ ಊರಿಗೆ ಬಂದ ಜೀಪು

ಜೀಪಿನ ಬಣ್ಣ ಹಸಿರೋ ಖಾಕಿಯೋ, ಈಗ ಖಚಿತವಿಲ್ಲ. ಆದರೆ ಅದನ್ನು ಹತ್ತಲಾಗದೆ ಕೋಲೂರಿ ನಿಂತಿದ್ದ ನೆರೆಮನೆಯ ಹಣಮಪ್ಪ ಮುತ್ಯಾನನ್ನು ನಾನು ನೋಡಿದ್ದು ನಿಜ. ಎಪ್ಪತ್ತು ದಾಟಿದ ವಿಧುರ ಆತ. ತುರ್ತು ಪರಿಸ್ಥಿತಿಯ ದಿನಗಳವು. ಸಂತಾನಹರಣ ಶಸ್ತ್ರಚಿಕಿತ್ಸೆಗೆಂದು ಆತನನ್ನು ಮುದ್ದೇಬಿಹಾಳಕ್ಕೆ ಒಯ್ಯಲು ಸರಕಾರದವರು ಬಂದಿದ್ದರು.

ರಜೆಯಲ್ಲಿ ನಾನು ಧಾರವಾಡದಿಂದ ನಾಲತವಾಡದ ಹತ್ತಿರದ ಆ ಹಳ್ಳಿಗೆ, ಕಾಕಾನ ಮನೆಗೆ ಹೋಗಿದ್ದೆ. ಹರೆಯದವರೆಲ್ಲ ಸೊಲ್ಲಾಪುರದ ಗಿರಣಿಗಳಿಗೂ ಗೋವಾಕ್ಕೂ ದುಡಿಯಲು ಹೋಗಿ, ಊರಲ್ಲಿ ಮುದುಕರು, ಶಾಲೆಗೆ ಹೋಗುವ ನಾಲ್ಕಾರು ಮಕ್ಕಳು ಅಷ್ಟೇ ಉಳಿದಿದ್ದರು. ಆದರೂ ಶಾಲೆಯ ಮಾಸ್ತರರಾದ ಕಾಕಾ ಶಸ್ತ್ರಚಿಕಿತ್ಸೆಗೆ ಇಷ್ಟು ಹೆಸರು ಬರೆದುಕೊಡಲೇಬೇಕೆಂದು ಮೇಲಿನವರ ಹುಕುಂ. ಕೂಸೇ ಇಲ್ಲದ ಊರಿಗೆ ಹುಟ್ಟು ತಡೆಯಲು ಬಂದಿದ್ದರು!

"ಸಾಹೇಬ್ರ, ಈ ಊರಾಗ ತೊಟ್ಟಿಲಾ ಕಟ್ಟಿ ಎರಡ ವರ್ಷ ಆತ್ರಿ," ಎಂದ ಮುತ್ಯಾ. "ಹಡಿಯೋರೆಲ್ಲಾ ಸೊಲ್ಲಾಪುರದಾಗ ಅದಾರ. ನನ್ನ ಕೊಯ್ದು ಯಾರನ್ನ ತಡೀತೀರಿ?"

ಪಟ್ಟಿ ಹಿಡಿದಿದ್ದ ಗುಮಾಸ್ತ ನಕ್ಕ. "ಇದರಾಗ ನೀ ಇನ್ನೂ ಹರೇದಾವ ಅದಿ, ಮುತ್ಯಾ. ಹತ್ತು, ಹತ್ತು!"

ಇಬ್ಬರು ರಟ್ಟೆ ಹಿಡಿದು ಆತನನ್ನು ಒಳಗೆ ಎತ್ತಿಹಾಕಿದರು. ನಾನು ಜೀಪಿಗೆ ಅಡ್ಡ ನಿಂತೆನೆಂದು ನೆನಪು ಒಮ್ಮೊಮ್ಮೆ ಹೇಳುತ್ತದೆ. ಅದು ಸುಳ್ಳು. ನಾನು ಬಾಗಿಲಲ್ಲೇ ನಿಂತಿದ್ದೆ, ಕಾಕಾನ ಪಕ್ಕದಲ್ಲಿ.

ಮುತ್ಯಾ ಮೂರನೆಯ ದಿನ ಮರಳಿದ. ಮತ್ತೆಂದೂ ನಮ್ಮ ಕಟ್ಟೆಗೆ ಬಂದು ಕೂಡಲಿಲ್ಲ. ಆತ ಮರಳಿದ ದಿನವೇ ನಾನು ಕೇಳಿದ್ದೆ: "ಕಾಕಾ, ಪಟ್ಟಿಯೊಳಗ ಮುತ್ಯಾನ ವಯಸ್ಸು ಎಷ್ಟಂತ ಬರದೀರಿ?"