ಅರ್ಲೀನ್ ಕಟ್ಟುವ ಕೋಯ್‌ನ ಜೇಡ

ಬೆಳಗಿನ ಐದೂವರೆ. ಅಮೆರಿಕದ ಆರ್ಕನ್ಸಾ ರಾಜ್ಯದ ಪುಟ್ಟ ಊರೊಂದರ ಶಾಲಾ ಬಸ್ಸುಗಳ ಅಂಗಳದಲ್ಲಿ ಹದಿನಾಲ್ಕನೇ ನಂಬರಿನ ಬಸ್ಸಿನ ಎಂಜಿನ್ ಬಿಸಿಯಾಗುತ್ತಿದೆ. ಚಾಲಕಿ ಅರ್ಲೀನ್ ಪ್ರೂಯಿಟ್ ಸ್ಟಿಯರಿಂಗ್ ಚಕ್ರಕ್ಕೆ ಅಂಗೈಯಗಲದ ವೈಸ್ ಎಂಬ ಇಕ್ಕಳ ಬಿಗಿದು, ಅದರ ಬಾಯಲ್ಲಿ ಒಂದು ಗಾಳದ ಕೊಕ್ಕೆ ಸಿಕ್ಕಿಸಿಕೊಂಡಿದ್ದಾರೆ. ಹಳದಿ ಸ್ಪಂಜಿನ ತುಂಡಿಗೆ ಕಪ್ಪು ದಾರ ಸುತ್ತಿ, ನಾಲ್ಕು ರಬ್ಬರ್ ಎಳೆ ಸೇರಿಸುತ್ತಾರೆ. ಎಳೆಗಳು ಕಾಲುಗಳಾಗುತ್ತವೆ, ಸ್ಪಂಜು ಜೇಡವಾಗುತ್ತದೆ. ಕೆರೆಯ ಬ್ಲೂಗಿಲ್ ಮೀನಿಗೆ ಇಷ್ಟು ಮೋಸ ಸಾಕು. ಅಂಗೈಯಷ್ಟೇ ಇರುವ, ಇಡಿಯಾಗಿ ಬಾಣಲೆಗೆ ಬೀಳುವ ಮೀನು ಅದು.

ಹೊರಡುವ ಮೊದಲು ಇಂಥ ಎರಡು ಗಾಳದ ಹುಳ, ಮಧ್ಯಾಹ್ನ ಶಾಲೆಯ ಮುಂದೆ ಕಾಯುವಾಗ ಐದಾರು. ನಡುವೆ ನಲವತ್ತೇಳು ಮಕ್ಕಳು, ಅರವತ್ತು ಮೈಲಿ ಜಲ್ಲಿರಸ್ತೆ. ಇಪ್ಪತ್ತೆರಡು ವರ್ಷಗಳಿಂದ ಇದೇ ಸೀಟು. ಐವತ್ತೊಂಬತ್ತರ ಅರ್ಲೀನ್‌ಗೆ ಈಗ ಹೆಬ್ಬೆರಳಿನ ಗೆಣ್ಣು ಚಳಿಗೆ ಮಡಚುವುದಿಲ್ಲ.

"ನನ್ ಬಗ್ಗೆ ಬರೆಯೋಕೇನಿದೆ? ಇದನ್ನ ಕಲಿಸ್ದೋನು ಕೋಯ್. ಅವನ ಬಗ್ಗೆ ಬರೀರಿ" ಎನ್ನುತ್ತಾರೆ ಲೇಖನಕ್ಕೆಂದು ಮಾತಾಡಿಸಿದರೆ.

ಕೋಯ್ ಟಿಬ್ಬೆಟ್ಸ್ ಬಸ್ಸುಗಳ ಮೆಕ್ಯಾನಿಕ್. ಮಧ್ಯಾಹ್ನ ಬ್ರೆಡ್ಡು ತಿಂದು, ಗ್ರೀಸಿನ ಕೈ ಒರೆಸಿಕೊಂಡು ತಾನೇ ಕಂಡುಕೊಂಡ ಈ ಜೇಡ ಕಟ್ಟುತ್ತಿದ್ದ. ಸವೆದ ಹವಾಯಿ ಚಪ್ಪಲಿಯೇ ಅವನ ಸ್ಪಂಜು. ಹನ್ನೊಂದು ವರ್ಷದ ಹಿಂದೆ ಅರ್ಲೀನ್ ಪಕ್ಕದಲ್ಲಿ ಕೂತು ಒಂದನ್ನು ಕಟ್ಟಿದರು. ಅವನು ಅದನ್ನು ಬೆಳಕಿಗೆ ಹಿಡಿದು, "ಇದು ಹುಳಾನೋ, ಬಸ್ಸು ಒರೆಸೋ ಬಟ್ಟೇನೋ?" ಎಂದ. ಆಮೇಲೆ ಬ್ಲೇಡಿನಿಂದ ದಾರವನ್ನೆಲ್ಲ ಕೊಯ್ದು ಬರಿಯ ಕೊಕ್ಕೆ ವಾಪಸ್ ಕೊಟ್ಟ. "ಕೊಕ್ಕೆ ಕಣ್ಣಿನ ಹತ್ರ ಜಾಗ ಬಿಡಮ್ಮ. ಅಲ್ಲೇ ತುಂಬಿಬಿಟ್ರೆ ಗಂಟು ಎಲ್ಲಿ ಹಾಕ್ತೀಯ?"

ಆ ಚಳಿಗಾಲವಿಡೀ ಕಟ್ಟಿದ್ದು, ಕೊಯ್ದದ್ದು. ಮಾರ್ಚಿನಲ್ಲಿ ಒಂದು ಜೇಡವನ್ನು ಅವನು ಕೊಯ್ಯಲಿಲ್ಲ. ತನ್ನ ಟೊಪ್ಪಿಗೆಗೆ ಸಿಕ್ಕಿಸಿಕೊಂಡ.

ಮೇ ತಿಂಗಳಲ್ಲಿ ಬ್ಲೂಗಿಲ್ ದಡದ ಹತ್ತಿರ ಗೂಡು ಮಾಡಿದಾಗ ಆ ಜೇಡಕ್ಕೆ ಎಗರಿ ಎಗರಿ ಬಿದ್ದವು. ಎರೆಹುಳು ಮಾರುವ ಅಂಗಡಿಯ ಲಾಯ್ಡ್ ಅರ್ಲೀನ್ ಕೈಲಿ ಒಂದು ಡಜನ್ ಕಟ್ಟಿಸಿ ಗಲ್ಲಾಪೆಟ್ಟಿಗೆಯ ಮೇಲಿಟ್ಟ. ಪೇಟೆಯಿಂದ ಬಂದ ಗಿರಾಕಿಯೊಬ್ಬ ಕೇಳಿದ, "ಯಾರ ಕಲ್ಪನೆ ಇದು? ಎಲ್ಲೂ ನೋಡಿಲ್ಲ."

"ನಂದೇ" ಎಂದರು ಅರ್ಲೀನ್.

ತಿರುಗಿದರೆ ಸೋಡಾ ಪೆಟ್ಟಿಗೆಯ ಮುಂದೆ ಕೋಯ್ ನಿಂತಿದ್ದ. ಕೈಯಲ್ಲಿದ್ದ ಬಾಟಲಿಯನ್ನು ಒಳಗಿಟ್ಟು, ಬಾಗಿಲು ಮೆಲ್ಲಗೆ ಮುಚ್ಚಿ ಹೊರಟುಹೋದ.

"ಬೈದಿದ್ರೆ ಚೆನ್ನಾಗಿತ್ತು" ಎನ್ನುತ್ತಾರೆ. "ಮಾರನೇ ದಿನ ಬಂದು ನನ್ ಬಸ್ಸಿನ ಬ್ರೇಕ್ ಸರಿ ಮಾಡ್ದ. 'ಈಗ ಹಿಡಿಯತ್ತೆ, ನೋಡು' ಅಂದ. ಅಷ್ಟೇ. ಆದ್ರೆ ಊಟದ ಹೊತ್ತಲ್ಲಿ ವೈಸ್ ತೆಗೀಲೇ ಇಲ್ಲ. ಯಾಕೋ ಅಂದ್ರೆ, ಕಣ್ಣು ಮಂಜು ಅಂದ. ಕಣ್ಣು ಮಂಜಾದೋನು ಬ್ರೇಕಿನ ಸ್ಪ್ರಿಂಗ್ ಹೇಗೆ ಹಾಕ್ತಾನೆ?"

ತಪ್ಪಾಯ್ತು ಎನ್ನಲು ಅವರಿಗೆ ಮೂರು ವರ್ಷ ಸಮಯವಿತ್ತು. ದಿನವೂ ಎದುರೆದುರೇ. ನಾಳೆ ಹೇಳಿದರಾಯಿತು ಎಂದುಕೊಂಡು ದಿನ ದೂಡಿದರು. ಒಂದು ಫೆಬ್ರವರಿಯ ಸೋಮವಾರ ಕೋಯ್ ಕೆಲಸಕ್ಕೆ ಬರಲಿಲ್ಲ. ಹೃದಯ ನಿಂತಿತ್ತು.

ಈಗ ಪ್ರತಿ ಪೊಟ್ಟಣದೊಳಗೂ ಅರ್ಲೀನ್ ಚೀಟಿಯಿಡುತ್ತಾರೆ: 'ಕೋಯ್‌ನ ಜೇಡ'. ಗಿರಾಕಿಗಳು ಕೇಳುವುದು ಮಾತ್ರ 'ಅರ್ಲೀನ್ ಜೇಡ'ವನ್ನೇ. "ಚೀಟಿ ಯಾರು ಓದ್ತಾರೆ ಮಾರಾಯ್ತಿ? ಹೆಸರು ಒಂದ್ಸಲ ಅಂಟಿದ್ರೆ ಅಂಟ್ತು" ಎನ್ನುತ್ತಾನೆ ಲಾಯ್ಡ್. ಆದರೂ ಒಬ್ಬೊಬ್ಬರಿಗೂ ನಡೆದದ್ದನ್ನು ಬಾಯಿಬಿಟ್ಟು ಹೇಳುತ್ತಾರೆ ಅರ್ಲೀನ್. ಕೆಲವರು ನಗುತ್ತಾರೆ, ಕೆಲವರು ಮೀನು ಬಿದ್ದರೆ ಸಾಕು ಎನ್ನುತ್ತಾರೆ.

ಕಡೆಗೊಂದು ಬೇಡಿಕೆಯಿದೆ ಅವರದು. ಕೋಯ್ ತೀರಿಕೊಂಡಾಗ ಊರಿನ ಪತ್ರಿಕೆ ಅವನ ಹೆಸರನ್ನೂ ತಪ್ಪಾಗಿ ಅಚ್ಚು ಹಾಕಿತ್ತಂತೆ.

"ಟಿಬ್ಬೆಟ್ಸ್. ಎರಡು ಬಿ ಹಾಕಿ ಬರೀಬೇಕು" ಎನ್ನುತ್ತಾರೆ. ಪೆನ್ನು ನಿಲ್ಲುವವರೆಗೂ ಕಾಗದವನ್ನೇ ನೋಡುತ್ತಾರೆ. "ಎಲ್ಲಿ, ತೋರಿಸಿ."